ಮಾಯಾಮಾಳವಗೌಳಕ್ಕೆ ಗಿಟಾರಿನ ಕಾರ್ಡು

ನಮ್ಮ ಮಕ್ಕಳು ಮೊದಲ ಸರಳೆ ವರಸೆ ಹಾಡುವುದು ಮಾಯಾಮಾಳವಗೌಳದಲ್ಲಿ. 15ನೆಯ ಮೇಳಕರ್ತವಾದ ಈ ರಾಗ ಗಿಟಾರ್ ಕಲಿಯುವವರಿಗೆ ಮಾತ್ರ ಅಪರೂಪದ್ದು. ಇದಕ್ಕೆ ಕಾರ್ಡು ಕಟ್ಟಬಹುದೇ?

ಕ್ರಮ ಸುಲಭ. ಒಂದು ಸ್ವರ ಹಿಡಿದು, ನಡುವೆ ಒಂದೊಂದನ್ನು ಬಿಡುತ್ತ ಮೂರನ್ನು ಕೂಡಿಸಬೇಕು. ಷಡ್ಜವನ್ನು 'ಸಿ' ಎಂದಿಟ್ಟುಕೊಂಡರೆ ಸ-ಗ-ಪ ಸಿ ಮೇಜರ್. ರಿ-ಮ-ದ ಡಿ ಫ್ಲ್ಯಾಟ್ ಮೇಜರ್. ಗ-ಪ-ನಿ, ಮ-ದ-ಸ ಎರಡೂ ಮೈನರ್, ದ-ಸ-ಗ ಆಗ್ಮೆಂಟೆಡ್. ತೊಡಕಿರುವುದು ಪ-ನಿ-ರಿಯಲ್ಲಿ. ಪಂಚಮದಿಂದ ಶುದ್ಧ ರಿಷಭಕ್ಕೆ ಏಳರ ಬದಲು ಆರೇ ಫ್ರೆಟ್. ಹೀಗಾಗಿ ಪಾಶ್ಚಾತ್ಯ ಸಂಗೀತದಲ್ಲಿ ಷಡ್ಜಕ್ಕೆ ಮರಳಿಸುವ ಜಿ ಮೇಜರ್ ಇಲ್ಲಿ ದೊರೆಯದು. ಆ ಕೆಲಸವನ್ನು ರಿ-ಮ-ದ ಮಾಡುತ್ತದೆ: ಮೂರೂ ಸ್ವರಗಳು ಒಂದೊಂದು ಫ್ರೆಟ್ ಇಳಿದರೆ ಸ-ಗ-ಪ. ತೋರುಬೆರಳನ್ನು ಅಡ್ಡಲಾಗಿ ಒತ್ತಿದ ಹಿಡಿತವನ್ನು ಹಾಗೆಯೇ ಜರುಗಿಸಿದರೆ ಸಾಕು.

ಆದರೆ ರಾಗವೆಂದರೆ ಬರಿಯ ಸ್ವರಪಟ್ಟಿಯಲ್ಲ. ತಂಬೂರಿಯೊಡನೆ ಕೂಡುವ 5:4 ಅನುಪಾತದ ಗಾಂಧಾರಕ್ಕಿಂತ ಫ್ರೆಟ್ಟಿನ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ. ಎಂದರೆ ಒಂದು ಫ್ರೆಟ್ಟಿನ ಏಳನೆಯ ಒಂದು ಪಾಲು. ತೂಗುವ ಗಮಕದ ಅಡಿಯಲ್ಲಿ ಕಾರ್ಡು ಕದಲದೆ ನಿಂತರೆ ಎರಡೂ ಕೆಡುತ್ತವೆ. ಗಾಯಕರು ಸ್ವರದ ಮೇಲೆ ನಿಂತಾಗ ನುಡಿಸಿ. ಗಮಕ ಬಂದಾಗ ತಂತಿಗಳ ಮೇಲೆ ಅಂಗೈಯಿಟ್ಟು ಸುಮ್ಮನಿರಿ.