ಬುತ್ತಿ ಕಟ್ಟಿಕೊಂಡು ಸಿರಾಕ್ಕೆ

ಕೆರೆಯ ದಂಡೆಯ ಊರು ಎಂದೊಡನೆ ನಮ್ಮ ಮನಸ್ಸು ದೂರಕ್ಕೆ ಹಾರುತ್ತದೆ. ಉದಯಪುರ, ನೈನಿತಾಲ್, ಕೊಡೈಕನಾಲ್ ಎಂದು ಹೆಸರುಗಳು ಒಂದರ ಹಿಂದೊಂದು ನೆನಪಿಗೆ ಬರುತ್ತವೆ. ಅವುಗಳ ಬೆನ್ನಿಗೇ ರೈಲಿನ ದರ, ಹೋಟೆಲಿನ ಬಾಡಿಗೆ, ದೋಣಿಯ ಟಿಕೆಟ್ಟು, ನಾಲ್ಕು ಜನರ ಮೂರು ಹೊತ್ತಿನ ಊಟ ಇವುಗಳ ಲೆಕ್ಕವೂ ಬರುತ್ತದೆ. ಲೆಕ್ಕ ಮುಗಿಯುವ ಹೊತ್ತಿಗೆ ಮಕ್ಕಳ ರಜೆಯೂ ಮುಗಿದಿರುತ್ತದೆ. ಎಷ್ಟೋ ಮನೆಗಳಲ್ಲಿ ಪ್ರವಾಸವೆಂಬುದು ಹೀಗೆ ಕಾಗದದ ಮೇಲೆ ಆರಂಭವಾಗಿ ಕಾಗದದ ಮೇಲೆಯೇ ಕೊನೆಗೊಳ್ಳುತ್ತದೆ.

ಆದುದರಿಂದ ಈ ದಿನ ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಹೆಚ್ಚು ಹಣ ಬೇಡದ ಒಂದು ಕೆರೆಯ ಊರಿನ ವಿಚಾರ. ತುಮಕೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ, ತುಮಕೂರಿನಿಂದ ಸುಮಾರು ಐವತ್ತು ಕಿಲೋಮೀಟರು ದೂರದಲ್ಲಿ ಸಿರಾ ಪಟ್ಟಣವಿದೆ. ಬಸ್ಸಿನ ಕಿಟಕಿಯಿಂದ ಅದನ್ನು ನೋಡದವರು ಕಡಿಮೆ, ಅಲ್ಲಿ ಇಳಿದು ನೋಡಿದವರು ಇನ್ನೂ ಕಡಿಮೆ. ಅಲ್ಲಿಗೆ ಹೋಗುವ ಖರ್ಚೂ ಈಗ ಮೊದಲಿಗಿಂತ ಇಳಿದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿಯೊಂದನ್ನು ಸೆರಗಿಗೆ ಕಟ್ಟಿಕೊಂಡರಾಯಿತು. ಉಳಿದವರ ಟಿಕೆಟ್ಟು, ಒಂದು ಬುತ್ತಿ, ಒಂದು ನೀರಿನ ಬಾಟಲಿ, ಇಷ್ಟೇ ಸಿದ್ಧತೆ. ಬುತ್ತಿಗೆ ರೊಟ್ಟಿ, ಕಡಲೇಕಾಯಿ ಚಟ್ನಿಪುಡಿ ಇದ್ದರೆ ಆ ಸೀಮೆಗೆ ಒಪ್ಪುವ ಊಟ. ಅದು ಕಡಲೇಕಾಯಿ ಮತ್ತು ಹುಣಸೆಯ ಸೀಮೆ.

ಬೆಳಗಿನ ಬಸ್ಸಿಗೆ ಹೊರಟು, ಸಿರಾದಲ್ಲಿ ಇಳಿದು, ಮೊದಲು ಕೆರೆಯ ಏರಿಗೆ ಹೋಗಬೇಕು. ದಾರಿಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಏರಿಯ ಮೇಲೆ ನಡೆಯಲು ಶುಲ್ಕವಿಲ್ಲ, ನಿಂತು ನೋಡಲು ಹೊತ್ತಿನ ಮಿತಿಯಿಲ್ಲ. ಮಕ್ಕಳೊಡನೆ ಹೋದವರು ತೂಬು ಯಾವುದು, ಕೋಡಿ ಯಾವುದು, ನೀರು ಹೋಗಿ ಸೇರುವ ಅಚ್ಚುಕಟ್ಟು ಯಾವುದು ಎಂದು ಬೆರಳು ಮಾಡಿ ತೋರಿಸಬೇಕು. ನಮ್ಮ ಹಿರಿಯರ ಕಾಲದಲ್ಲಿ ಈ ಮಾತುಗಳು ಮಕ್ಕಳಿಗೆ ತಾವಾಗಿಯೇ ಬರುತ್ತಿದ್ದವು. ನಲ್ಲಿ ತಿರುಗಿಸಿ ನೀರು ಕಾಣುವ ಮಕ್ಕಳಿಗೆ ಇವನ್ನು ಹೇಳಿಕೊಡಬೇಕಾಗಿದೆ. ಅಂಥ ಪಾಠಕ್ಕೆ ಕೆರೆಯ ಏರಿಗಿಂತ ಒಳ್ಳೆಯ ಶಾಲೆ ಬೇರೆಯಿಲ್ಲ.

ನಾನು ಈ ಪಾಠವನ್ನು ಹೇಳಲು ಹೋಗಿ ಒಮ್ಮೆ ಪೆಚ್ಚಾದದ್ದುಂಟು. ಒಂದು ಬರಗಾಲದ ಬೇಸಗೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಹೊರಟಿದ್ದೆ. ಅವನ ಗೆಳೆಯರು ರಜೆಗೆ ಊಟಿಗೆ ಹೋಗಿದ್ದರು. ಅಲ್ಲಿನ ಸರೋವರದಲ್ಲಿ ದೋಣಿಯ ವಿಹಾರ ಮಾಡುತ್ತೇವೆಂದು ಹೇಳಿ ಹೋಗಿದ್ದರು. ನಮ್ಮ ಮನೆಯ ಆ ವರ್ಷದ ಸ್ಥಿತಿಯಲ್ಲಿ ಊಟಿಯ ಮಾತೆತ್ತುವಂತಿರಲಿಲ್ಲ. 'ಅದಕ್ಕಿಂತ ದೊಡ್ಡ ಕೆರೆ ತೋರಿಸುತ್ತೇನೆ ಬಾ' ಎಂದು ನಾನೇ ಮಾತು ಕೊಟ್ಟಿದ್ದೆ. ಏರಿಯನ್ನು ಹತ್ತಿ ನೋಡಿದರೆ ಎದುರಿಗೆ ಬಿರುಕು ಬಿಟ್ಟ ಮಣ್ಣು, ಜಾಲಿಯ ಗಿಡಗಳು, ಅವುಗಳ ನಡುವೆ ಮೇಯುತ್ತಿದ್ದ ಕುರಿಗಳು. ಹುಡುಗ ಬಹಳ ಹೊತ್ತು ಸುಮ್ಮನೆ ನಿಂತು, 'ತಾತ, ಕೆರೆ ಎಲ್ಲಿ?' ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಇಬ್ಬರೂ ಏರಿಯಿಂದಿಳಿದು ಕೆರೆಯ ಅಂಗಳದಲ್ಲೇ ನಡೆದೆವು. ಅವನು ಬಿಸಿಲಿಗೆ ಬೆಳ್ಳಗಾದ ಒಂದು ಕಪ್ಪೆಚಿಪ್ಪನ್ನು ಹೆಕ್ಕಿಕೊಂಡು, ಇದು ಇಲ್ಲಿಗೆ ಹೇಗೆ ಬಂತೆಂದು ವಿಚಾರಿಸಿದ. ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತೆಂಬುದನ್ನು ನಾನು ತೂಬಿನ ಕಲ್ಲಿನ ಮೇಲಿನ ಗೆರೆಯಿಂದ ತೋರಿಸಿದೆ. ಆ ಗೆರೆ ಅವನ ತಲೆಗಿಂತ ಬಹಳ ಮೇಲಿತ್ತು. ಒಣಗಿದ ಕೆರೆಯನ್ನು ನೋಡುವುದೂ ಒಂದು ನೋಟವೇ ಎಂದು ಈಗ ಹೇಳಬಲ್ಲೆ. ಅಂದು ನನಗೆ ನಾಚಿಕೆಯಾಗಿತ್ತು.

ಸಿರಾದ ಕೆರೆಯಲ್ಲಿ ನೀರಿರುವುದೂ ಇಲ್ಲದಿರುವುದೂ ಆಕಾಶವೊಂದರ ಮಾತಲ್ಲ. ಈ ಸೀಮೆಯ ಮಳೆನೀರು ಸಹಜವಾಗಿ ವೇದಾವತಿಯ ಕಡೆಗೆ, ಅಲ್ಲಿಂದ ತುಂಗಭದ್ರೆ ಕೃಷ್ಣೆಯರ ಕಡೆಗೆ ಹೋಗತಕ್ಕದ್ದು. ಆದರೆ ಇಂದು ಕಳ್ಳಂಬೆಳ್ಳದ ಕೆರೆಗೂ ಸಿರಾದ ಕೆರೆಗೂ ನಾಲೆಯಲ್ಲಿ ಬರುವುದು ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟಿ ನಿಲ್ಲಿಸಿದ ಹೇಮಾವತಿಯ ನೀರು, ಎಂದರೆ ಕಾವೇರಿಯ ಕುಲದ ನೀರು. ಒಂದು ನದಿಯ ಮಗಳನ್ನು ಇನ್ನೊಂದು ನದಿಯ ಮನೆಗೆ ತಂದುಕೊಂಡಂತೆ ಇದು ನಡೆದಿದೆ. ಆ ನೀರಿಗಾಗಿ ಈ ಜನ ಎಷ್ಟು ಕಾದಿದ್ದಾರೆಂಬುದಕ್ಕೆ ಒಂದು ನಿದರ್ಶನ ಸಾಕು. 2020ರ ನವೆಂಬರಿನಲ್ಲಿ ಸಿರಾ ಕ್ಷೇತ್ರದ ಉಪಚುನಾವಣೆ ನಡೆದಾಗ ಎಲ್ಲ ಪಕ್ಷದವರ ಬಾಯಲ್ಲಿಯೂ ಇದ್ದ ಮಾತು ಮದಲೂರು ಕೆರೆಗೆ ಹೇಮಾವತಿ ಹರಿಯಬೇಕೆಂಬುದು. ಒಂದು ಕೆರೆಯ ಹೆಸರು ಒಂದು ಚುನಾವಣೆಯ ಹೆಸರಾಗಬಲ್ಲ ಸೀಮೆಯಿದು. ಪ್ರವಾಸಿಗೆ ಕೆರೆ ಒಂದು ಚಂದದ ನೋಟ. ಅಲ್ಲಿಯವರಿಗೆ ಅದು ಅನ್ನ.

ಏರಿಯಿಂದ ಊರಿನೊಳಕ್ಕೆ ಬಂದರೆ ಕೋಟೆಯಿದೆ. ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ ಊರು ಕಟ್ಟಿ, ಕೋಟೆಯ ಕೆಲಸವನ್ನು ಆರಂಭಿಸಿದ. ಅದು ಮುಗಿಯುವ ಮುನ್ನವೇ, 1638ರ ಸುಮಾರಿಗೆ, ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಊರನ್ನು ಗೆದ್ದುಕೊಂಡ. ಬಿಜಾಪುರದ ಪರವಾಗಿ ಇಲ್ಲಿ ಆಳಿದ ಮಲ್ಲಿಕ್ ರಿಹಾನನ ಗೋರಿ 1651ರದು. 1687ರಲ್ಲಿ ಸಿರಾ ಮೊಗಲರ ಕೈಸೇರಿ ಒಂದು ಸುಬಾದ ರಾಜಧಾನಿಯಾಯಿತು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಗೊಂಡೆಗಳೆಲ್ಲ ಅದರ ಪರಗಣೆಗಳಾದವು. ಕೆತ್ತಿದ ಕಲ್ಲಿನಲ್ಲಿ ಕಟ್ಟಿದ ಜುಮ್ಮಾ ಮಸೀದಿಯ ವರ್ಷ 1696. ಗೋರಿಯ ಅಂಗಳದ ನೆರಳಿನಲ್ಲಿ ಕುಳಿತಿರಲು ನನ್ನನ್ನು ಟಿಕೆಟ್ಟು ಕೇಳಿದವರು ಯಾರೂ ಇಲ್ಲ. ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ನಮಾಜಿನ ಹೊತ್ತನ್ನು ಗೌರವಿಸಿ ನಡೆದುಕೊಂಡರೆ ಸಾಕು.

ಹದಿನೆಂಟನೆಯ ಶತಮಾನದಲ್ಲಿ ದಿಲಾವರ ಖಾನನ ಆಳ್ವಿಕೆಯ ಕಾಲಕ್ಕೆ ಇಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಮಾತನ್ನು ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅವನ ಅರಮನೆಯ ಮಾದರಿಯಲ್ಲಿಯೇ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳು ಎದ್ದವಂತೆ. ಇಲ್ಲಿನ ಖಾನ್ ಬಾಗ್ ಎಂಬ ತೋಟ ಹೈದರಾಲಿಯ ಲಾಲ್‌ಬಾಗಿಗೆ ಪ್ರೇರಣೆಯಾಯಿತೆಂದೂ ಹೇಳುತ್ತಾರೆ. ಅನಂತರ ಮರಾಠರು, ಹೈದರು, ಮತ್ತೆ ಮರಾಠರು, ಮತ್ತೆ ಮೈಸೂರಿನವರು ಎಂದು ಊರು ಕೈಯಿಂದ ಕೈಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ಹನ್ನೆರಡು ಸಾವಿರ ಕುಟುಂಬಗಳನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಒಯ್ದರೆಂದು ಅದೇ ಗೆಜೆಟಿಯರು ಹೇಳುತ್ತದೆ. ಅರಮನೆ ಉಳಿಯಲಿಲ್ಲ, ತೋಟದ ವೈಭವವೂ ಉಳಿಯಲಿಲ್ಲ. ಸುಬೇದಾರರು ಹೋದರು, ಕೆರೆ ಉಳಿಯಿತು. ಕೆರೆ ಉಳಿದುದರಿಂದಲೇ ಊರೂ ಉಳಿಯಿತೆಂದು ನನ್ನ ಭಾವನೆ.

ಮಧ್ಯಾಹ್ನದ ಬುತ್ತಿ ಬಿಚ್ಚಿದ ಮೇಲೆ ಕಗ್ಗಲಡುವಿಗೆ ಹೋಗಬಹುದು. ಸಿರಾದಿಂದ ಹತ್ತು ಕಿಲೋಮೀಟರಿನೊಳಗಿನ ಪುಟ್ಟ ಹಳ್ಳಿ ಅದು. ಅಲ್ಲಿನ ಹುಣಸೆಮರಗಳ ಮೇಲೆ, ಮನೆಗಳ ಮಗ್ಗುಲಲ್ಲೇ, ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. 1999ರಲ್ಲಿ ತುಮಕೂರಿನ ವನ್ಯಜೀವಿ ಆಸಕ್ತರು ಇದನ್ನು ಹೊರಜಗತ್ತಿಗೆ ತಿಳಿಸಿದರು. ಫೆಬ್ರವರಿಯಿಂದ ಆಗಸ್ಟಿನವರೆಗೆ ಹೋದರೆ ಮರಿಗಳ ಗಲಾಟೆ ಬೀದಿಯ ತುದಿಗೇ ಕೇಳಿಸುತ್ತದೆ. ಬಾವುಟದಂತೆ ರೆಕ್ಕೆ ಬಿಚ್ಚಿ ಇಳಿಯುವ ಕೊಕ್ಕರೆಯನ್ನು ನೋಡಲು ದುರ್ಬೀನು ಬೇಕಿಲ್ಲ, ಕತ್ತೆತ್ತಿದರೆ ಸಾಕು.

ಅಲ್ಲಿ ಒಬ್ಬ ವೃದ್ಧೆ ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಹಕ್ಕಿ ಕೂತ ಮರದಲ್ಲಿ ಹಣ್ಣು ಬಡಿಯುತ್ತೀರಾ ಅಜ್ಜಿ ಎಂದು ಕೇಳಿದೆ. 'ಗೂಡು ಕಟ್ಟಿದ ಮೇಲೆ ಆ ಮರ ನಮ್ಮದಲ್ಲ ಸ್ವಾಮಿ. ಹಣ್ಣು ಮುಂದಿನ ವರ್ಷವೂ ಬಿಡ್ತದೆ. ಮುನಿಸಿಕೊಂಡು ಹೋದ ಹಕ್ಕಿ ಬರ್ತದೆಯೆ?' ಎಂದರು. ಆಮೇಲೆ ತಾವಾಗಿಯೇ, 'ಕೆರೇಲಿ ನೀರಿದ್ದರೆ ಮೀನು, ಮೀನಿದ್ದರೆ ಹಕ್ಕಿ. ನೀರಿಲ್ಲದ ವರ್ಷ ನಮ್ಮೂರು ಮೂಕ' ಎಂದು ಸೇರಿಸಿದರು. ಹುಣಸೆಹಣ್ಣು ಈ ಸೀಮೆಯ ಬಡ ಕುಟುಂಬಕ್ಕೆ ಕೈಕಾಸು. ಅದನ್ನು ಬಿಟ್ಟುಕೊಟ್ಟು ಹಕ್ಕಿಯನ್ನು ಕಾಯುವ ಜನರ ಊರಿನಲ್ಲಿ ನಾನು ಪುಕ್ಕಟೆಯಾಗಿ ನೋಡಿ ಬರುತ್ತಿದ್ದೇನೆಂಬ ಅರಿವು ಆಗ ಮೊದಲ ಸಲ ನನ್ನನ್ನು ಚುಚ್ಚಿತು. ಅವರಿಂದಲೇ ಎರಡು ಸೇರು ಹುಣಸೆಹಣ್ಣು ಕೊಂಡು ತಂದೆ. ಅದು ದಾನವಲ್ಲ, ನಮ್ಮ ಮನೆಗೆ ಬೇಕಾದ ಪದಾರ್ಥವೇ.

ಎರಡನೆಯ ದಿನವನ್ನು ಮೀಸಲಿಡಬಲ್ಲವರಿಗೆ ನೆರೆಯ ತಾಲ್ಲೂಕುಗಳೂ ಇಷ್ಟೇ ಉದಾರವಾಗಿವೆ. ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 3930 ಅಡಿ ಎತ್ತರದಲ್ಲಿದೆ. ಬಂಡೆಯಲ್ಲೇ ಕಡಿದ ಹೆಜ್ಜೆಗಳನ್ನು ಹಿಡಿದು ಮುಂಜಾನೆ ಹತ್ತುವವರಿಗೆ ಕೋಟೆಯ ಬಾಗಿಲುಗಳು ಒಂದೊಂದಾಗಿ ಎದುರಾಗುತ್ತವೆ. ಮೇಲಿನ ಕಡಿದಾದ ಭಾಗಕ್ಕೆ ಮಳೆಯ ದಿನ ಹೋಗಬಾರದು. ಮಕ್ಕಳನ್ನು ಕೆಳಗಿನ ಬಾಗಿಲುಗಳವರೆಗೆ ಮಾತ್ರ ಕರೆದೊಯ್ಯುವುದು ಲೇಸು. ಅದೇ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಕೊರಟಗೆರೆಯ ಕಡೆಗೆ ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟವಿದೆ, ಗೊರವನಹಳ್ಳಿಯ ಮಹಾಲಕ್ಷ್ಮಿಯ ಗುಡಿಯಿದೆ, ಅದರ ಸಮೀಪದಲ್ಲೇ ತೀತಾ ಜಲಾಶಯವಿದೆ. ಪಾವಗಡದವರಿಗೆ ನೀರಿಗಿಂತ ಬಿಸಿಲು ಹೆಚ್ಚು. ಆ ಬಿಸಿಲನ್ನೇ ಅವರು ಬೆಳೆಯಾಗಿಸಿಕೊಂಡಿದ್ದಾರೆ. ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ 2050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರಗಳು ಹಬ್ಬಿವೆ. ರಸ್ತೆಯಿಂದ ನೋಡಿದರೆ ಅದು ದೂರಕ್ಕೆ ಒಂದು ನೀಲಿ ಕೆರೆಯಂತೆಯೇ ತೋರುತ್ತದೆ. ಆದರೆ ಅಲ್ಲಿ ಹಕ್ಕಿ ಇಳಿದು ನೀರು ಕುಡಿಯಲಾರದು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಬಸ್ಸಿನ ದರ, ಕಗ್ಗಲಡುವಿಗೆ ಆಟೋ ಬಾಡಿಗೆ, ಎರಡು ಲೋಟ ಚಹಾ, ಒಂದಿಷ್ಟು ಹುಣಸೆಹಣ್ಣು: ಒಂದು ದಿನದ ನನ್ನ ಖರ್ಚು ಇಷ್ಟೆ. ಆದರೆ ಈ ಅಗ್ಗದ ದಿನಕ್ಕೆ ಬೆಲೆ ತೆತ್ತವರು ಬೇರೆಯವರಿದ್ದಾರೆ. ಏರಿಗೆ ಮಣ್ಣು ಹೊತ್ತವರು, ಕಲ್ಲು ಕಡಿದು ಗೋರಿ ಮಸೀದಿಗಳನ್ನು ಕಟ್ಟಿದವರು, ಬೇರೆ ಊರಿಗೆ ಒಯ್ಯಲ್ಪಟ್ಟ ಹನ್ನೆರಡು ಸಾವಿರ ಮನೆಗಳವರು, ಹಣ್ಣನ್ನು ಬಿಟ್ಟು ಹಕ್ಕಿಯನ್ನು ಉಳಿಸಿಕೊಂಡವರು. ಕಡಿಮೆ ಖರ್ಚಿನಲ್ಲಿ ನೋಡಿ ಬರುವುದು ಜಾಣತನ; ಏನನ್ನೂ ಸಲ್ಲಿಸದೆ ನೋಡಿ ಬರುವುದು ಜಾಣತನವಲ್ಲ. ಕೆರೆಯ ದಂಡೆಯಲ್ಲಿ ಉಂಡ ಎಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ನೀರಿಗೆ ಬಿಡದಿರುವುದು, ಹಕ್ಕಿಯ ಗೂಡಿನ ಕೆಳಗೆ ಕೂಗಾಡದಿರುವುದು, ಬೇಕಾದ ನಾಲ್ಕು ಪದಾರ್ಥಗಳನ್ನು ಆ ಊರಿನಲ್ಲೇ ಕೊಳ್ಳುವುದು, ಇವು ಬಡವನೂ ಸಲ್ಲಿಸಬಹುದಾದ ಕಪ್ಪಕಾಣಿಕೆ.

ಕೆರೆ ತುಂಬಿದ ಒಂದು ವರ್ಷ ನಾನು ಮೊಮ್ಮಗನೊಡನೆ ಮತ್ತೆ ಅದೇ ಏರಿಯ ಮೇಲೆ ನಿಂತೆ. ಅವನು ನನ್ನ ಹೆಗಲೆತ್ತರಕ್ಕೆ ಬೆಳೆದಿದ್ದ. ಊಟಿಯ ಮಾತು ಅವನಿಗೆ ಮರೆತೇಹೋಗಿತ್ತು. ಅಲೆಗಳು ಏರಿಯ ಕಲ್ಲಿಗೆ ಬಡಿಯುತ್ತಿದ್ದವು. 'ತಾತ, ಆವತ್ತು ನಾವು ನಡೆದ ಜಾಗ ಎಲ್ಲಿ?' ಎಂದ. ನಾನು ನೀರಿನ ನಡುವಿಗೆ ಕೈ ತೋರಿಸಿದೆ. ಅವನು ಅತ್ತಲೇ ನೋಡುತ್ತ ಬಹಳ ಹೊತ್ತು ನಿಂತಿದ್ದ. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ನಾನೇ ಅವನನ್ನು ಕರೆಯಬೇಕಾಯಿತು.