ವಕೀಲರೊಬ್ಬರು ಪಡೆದ ಎರಡನೆಯ ನೆಲೆ



ವಿಜಯಪುರ (ಹಿಂದಿನ ವಿಜಾಪುರ) ಜಿಲ್ಲೆಯ ದೇವರ ಹಿಪ್ಪರಗಿಯು ಶರಣ ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಪ್ರಸಿದ್ಧವಾದುದು. ಅವರ ವಚನಗಳೂ ಇತರ ಶರಣರ ವಚನಗಳೂ ಇಂದು ಅಚ್ಚಿನಲ್ಲಿ ನಮ್ಮ ಕೈಸೇರಿರುವುದಕ್ಕೆ ಬಹುಮಟ್ಟಿಗೆ ಅದೇ ಜಿಲ್ಲೆಯ ವಕೀಲರೊಬ್ಬರ ಶ್ರಮವೇ ಕಾರಣ. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರಲ್ಲಿ ಧಾರವಾಡದಲ್ಲಿ ಜನಿಸಿ, ಕಾನೂನು ಪದವಿಯನ್ನು ಪಡೆದು, ವಿಜಾಪುರದಲ್ಲಿ ನೆಲಸಿ ವಕೀಲಿಯಲ್ಲಿ ಹೆಸರು ಗಳಿಸಿದ ಅವರಿಗೆ ಪ್ರಾಚೀನ ಗ್ರಂಥಸಂಪಾದನೆಯ ಕ್ಷೇತ್ರದಲ್ಲಿ ವಿಶ್ವವಿದ್ಯಾಲಯದ ಪೀಠವಾಗಲಿ ಅರಮನೆಯ ಆಶ್ರಯವಾಗಲಿ ಇರಲಿಲ್ಲ. ಆಧಾರವಿಲ್ಲದೆ ಮಾತನಾಡಬಾರದೆಂಬ, ನ್ಯಾಯಾಲಯವು ಕಲಿಸುವ ಸಂಸ್ಕಾರವೇ ಅವರ ಬಂಡವಾಳವಾಗಿದ್ದಿತೆಂದು ನನ್ನ ನಂಬುಗೆ.

ವಚನಗಳು ಉಳಿದುಬಂದ ತಾಳೆಗರಿಯಲ್ಲಿ ಪದಪದಗಳ ನಡುವೆ ತೆರಪಿರುವುದಿಲ್ಲ. ಲಿಪಿಕಾರರ ಪ್ರಮಾದಗಳು ಪ್ರತಿಯಿಂದ ಪ್ರತಿಗೆ ಬೆಳೆಯುತ್ತ ಬಂದಿರುತ್ತವೆ. ಕರ್ತೃವಿನ ಹೆಸರು ಕಾಣದಿದ್ದಲ್ಲಿ ವಚನದ ಅಂಕಿತವೇ ಸಾಕ್ಷಿ. ‘ಕಲಿದೇವರದೇವ’ ಎಂದಿದ್ದರೆ ಮಾಚಿದೇವರದು, ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣನವರದು. ಮನೆಗಳಿಂದಲೂ ಮಠಗಳಿಂದಲೂ ಇಂತಹ ತಾಳೆಗರಿಯ ಕಟ್ಟುಗಳನ್ನು ಬೇಡಿ ತಂದು, ಓದಿ, ನಕಲಿಳಿಸಿ, ವಿಷಯಾನುಕ್ರಮವಾಗಿ ಜೋಡಿಸಿದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಅಚ್ಚುಮಾಡದೆ ಹಿಂದಿರುಗಿಸಿದಾಗಲೂ ಎದೆಗುಂದದೆ, ಹಳಕಟ್ಟಿಯವರು 1923ರಲ್ಲಿ ಬೆಳಗಾವಿಯಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಮಾಡಿಸಿದರು. ಪರರ ಅಚ್ಚುಕೂಟವನ್ನು ನೆಚ್ಚಿ ಈ ಕಾರ್ಯವು ಸಾಗದೆಂದು ಮನಗಂಡು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ತಾವು ಕಂಡುದನ್ನೆಲ್ಲ ನಾಡಿನ ವಿದ್ವಾಂಸರ ಪರೀಕ್ಷೆಗೆ ಒಡ್ಡಿದರು. ಹೊಸಬನ ಮಾತಿಗೆ ಬೆಲೆ ಬರುವುದು ಹೀಗೆಯೇ ಅಲ್ಲವೆ? ತಮ್ಮನ್ನು ನಂಬಿರೆಂದು ಅವರು ಯಾರನ್ನೂ ಕೇಳಲಿಲ್ಲ. ಓದಿ ನೋಡಿರೆಂದು ಮೂಲವನ್ನೇ ಮುಂದಿಟ್ಟರು.

ಕೀರ್ತಿಯು ಬೇಗನೆ ಬಂದಿತು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಹಣವು ಮಾತ್ರ ಬರಲಿಲ್ಲ. ಮುದ್ರಣದ ವೆಚ್ಚಕ್ಕಾಗಿ ಸ್ವಂತ ಮನೆಯನ್ನೂ ಮಾರಿದ ಆ ಪುಣ್ಯಾತ್ಮರು ಬಾಡಿಗೆಯ ಮನೆಯಲ್ಲಿ ಬಾಳಿದರೆಂಬುದನ್ನು ನೆನೆದಾಗ ನನ್ನ ಮನಸ್ಸು ಭಾರವಾಗುತ್ತದೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡುವ ವೇಳೆಗೆ ಅವರಿಗೆ ಎಪ್ಪತ್ತೈದು ದಾಟಿದ್ದಿತು.

ಅನಂತರದ ವಿದ್ವಾಂಸರು ಅವರ ಪಾಠಗಳನ್ನು ಹಲವೆಡೆ ತಿದ್ದಿರುವುದುಂಟು. ತಿದ್ದುವುದಕ್ಕೆ ಪಾಠವೊಂದನ್ನು ಒದಗಿಸಿಕೊಟ್ಟವರು ಅವರೇ. ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳೆಯ ಮನೆಗಳಲ್ಲಿ ತಾಳೆಗರಿಯ ಕಟ್ಟುಗಳೇನಾದರೂ ಉಳಿದಿದ್ದರೆ, ದಯವಿಟ್ಟು ಅವನ್ನು ಬಲ್ಲವರಿಗೆ ತೋರಿಸಿರಿ.