ಜಪಾನು ದೇಶದ ಮರಸೇಬು
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೆಂಗಳೂರಿನ ಪೇಟೆಯಲ್ಲಿ ಬೇರಿಕಾಯಿಯೆಂಬ ಗಟ್ಟಿ ಹಣ್ಣನ್ನು ತಾವು ಕಂಡಿರಬಹುದು. ಜಪಾನಿನವರು ನಾಶಿ ಎಂದು ಕರೆಯುವ ಮರಸೇಬು ಅದರ ಬಂಧುವೇ ಸರಿ. ಆದರೆ ಸೇಬಿನಂತೆ ಗುಂಡಗಿದ್ದು, ಕಚ್ಚಿದೊಡನೆ ಬಾಯ್ತುಂಬ ರಸ ಕೊಡುವುದು.

1888ನೆಯ ಇಸವಿಯಲ್ಲಿ ಚಿಬಾ ಪ್ರಾಂತದ ಮಾತ್ಸುದೋ ಕಾಕುನೊಸುಕೆ ಎಂಬ ಹದಿಮೂರು ವರ್ಷದ ಹುಡುಗನು ಕಸದ ರಾಶಿಯಲ್ಲಿ ತಾನಾಗಿ ಹುಟ್ಟಿದ್ದ ಸಸಿಯೊಂದನ್ನು ತಂದು ನೆಟ್ಟನು. ಅದು ಹಣ್ಣು ಬಿಟ್ಟುದು 1898ರಲ್ಲಿ. ಅದಕ್ಕೆ ನಿಜಿಸ್ಸೇಕಿ, ಎಂದರೆ ಇಪ್ಪತ್ತನೆಯ ಶತಮಾನ, ಎಂದು ಹೆಸರಾಯಿತು. 1904ರಲ್ಲಿ ತೊತ್ತೊರಿ ಪ್ರಾಂತಕ್ಕೆ ಹೋದ ಅದರ ಸಸಿಗಳಿಂದ ಆ ಸೀಮೆಯೇ ಹೆಸರುವಾಸಿಯಾಯಿತು. ತಿಪ್ಪೆಯ ಬದಿಯ ಗಿಡವನ್ನು ನೋಡದೆಯೇ ಕಿತ್ತೊಗೆಯುವ ನಮ್ಮ ಅಭ್ಯಾಸವು ಇಲ್ಲಿ ನೆನಪಿಗೆ ಬರುವುದು. ತಾಯಿಮರವು 1947ರಲ್ಲಿ ಒಣಗಿತು. ಕಸಿಯಿಂದ ಅದರ ವಂಶ ಉಳಿದಿದೆ.

ಮೊದಲೇ ಒಂದು ಮಾತನ್ನು ಹೇಳಿಬಿಡುವೆನು. ಚಳಿಗಾಲದಲ್ಲಿ ಎಲೆಯುದುರಿ ಬಹುಕಾಲ ತಣ್ಣಗಿದ್ದಲ್ಲದೆ ಈ ಮರದ ಮೊಗ್ಗುಗಳು ಸರಿಯಾಗಿ ಒಡೆಯವು. ಬಯಲುಸೀಮೆಯಲ್ಲಿ ಇದಕ್ಕಾಗಿ ಯಾರೂ ಹಣ ಕಳೆಯತಕ್ಕದ್ದಲ್ಲ. ಮರಸೇಬಿನ ಕೆಲವು ಜಾತಿಗಳು ನೀಲಗಿರಿಯಂತಹ ಎತ್ತರದಲ್ಲಿ ಫಲಿಸುವುದುಂಟು. ಅಂತಹ ಕಡೆ ಜಮೀನುಳ್ಳವರು ಮಾತ್ರ ಎರಡು ಮೂರು ಮರಗಳಿಂದ ಪರೀಕ್ಷಿಸಬಹುದು.

ಎರಡು ಮೂರು ಎಂದುದಕ್ಕೆ ಕಾರಣವುಂಟು. ನಿಜಿಸ್ಸೇಕಿಯ ಹೂವು ತನ್ನ ಪರಾಗವನ್ನು ತಾನೇ ಒಪ್ಪದು. ಒಂದೇ ಜಾತಿಯ ಕಸಿಗಿಡಗಳನ್ನು ನೂರು ನೆಟ್ಟರೂ, ಅವೆಲ್ಲವೂ ಒಂದೇ ಮರದ ಕೊಂಬೆಗಳಾದುದರಿಂದ, ತೋಟವೆಲ್ಲ ಬೆಳ್ಳಗೆ ಹೂತು ಬರಿದಾಗುವುದು. ಆದುದರಿಂದ ಅದೇ ಕಾಲಕ್ಕೆ ಹೂಬಿಡುವ ಚೋಜೂರೋ ಮೊದಲಾದ ಬೇರೆ ಜಾತಿಯನ್ನು ನಡುವೆ ಹಾಕತಕ್ಕದ್ದು. ತೊತ್ತೊರಿಯ ರೈತರು ಜೇನುನೊಣವನ್ನೇ ನಂಬದೆ, ಮೃದುವಾದ ಕುಚ್ಚಿನಿಂದ ಹೂವು ಹೂವಿಗೂ ಪರಾಗವನ್ನು ಮುಟ್ಟಿಸುವರು.

ಮರವನ್ನು ಎತ್ತರಕ್ಕೆ ಬಿಡದೆ, ಆಳೆತ್ತರದ ತಂತಿಯ ಚಪ್ಪರಕ್ಕೆ ಕೊಂಬೆಗಳನ್ನು ಹರಡಿ ಕಟ್ಟುವರು. ಬಿರುಗಾಳಿಗೆ ಹಣ್ಣು ಉದುರದು, ಕೆಲಸಕ್ಕೂ ಕೈಗೆಟುಕುವುದು. ಗೊಂಚಲಿಗೆ ಒಂದೇ ಕಾಯನ್ನು ಉಳಿಸಿ ಮಿಕ್ಕವನ್ನು ಕೀಳುವರು. ಕೈಯಾರೆ ಕಾಯಿ ಕೀಳುವುದು ಯಜಮಾನನಿಗೆ ಸಂಕಟವೇ; ಕೀಳದಿದ್ದರೆ ಹಣ್ಣು ನಿಂಬೆಯಷ್ಟಕ್ಕೆ ನಿಲ್ಲುವುದು. ಉಳಿದುದಕ್ಕೆ ಕಾಗದದ ಚೀಲವನ್ನು ಕಟ್ಟುವರು. ಕಪ್ಪುಚುಕ್ಕೆ ರೋಗವು ಈ ಜಾತಿಗೆ ಬಲವಾಗಿ ತಗಲುವುದರಿಂದ ಚೀಲವು ಬಹಳ ಅವಶ್ಯ.

ಸೀಮೆಯ ಮರಸೇಬನ್ನು ಕಾಯಾಗಿ ಕಿತ್ತು ಮಾಗಿಸುವಂತೆ ಇದನ್ನು ಮಾಗಿಸಬಾರದು, ಮರದಲ್ಲಿಯೇ ಹಣ್ಣಾಗತಕ್ಕದ್ದು. ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿದರೆ ಬಲಿತ ಹಣ್ಣು ತೊಟ್ಟು ಬಿಡುವುದು. ಸಿಪ್ಪೆ ತೆಗೆದು ತಣ್ಣಗೆ ತಿನ್ನುವುದೇ ರೂಢಿ. ಚೀನದವರು ಕಲ್ಲುಸಕ್ಕರೆಯೊಡನೆ ಬೇಯಿಸಿ ಕೆಮ್ಮಿದವರಿಗೆ ಕೊಡುವರು. ಕೊರಿಯಾದವರು ಇದರ ತುರಿಯನ್ನು ಮಾಂಸಕ್ಕೆ ಬೆರೆಸಿ ಮೆದುವಾಗಿಸುವರು.